ಅಂಚೆಯಣ್ಣನ ಅರ್ಧ ದಿನ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಳ್ಳಿಗಳಲ್ಲಿ ಮಳೆಗಾಲದ ಸಂಕ ದಾಟಿ ಬರುತ್ತಿದ್ದ ಅಂಚೆಯಣ್ಣನನ್ನು ಹಿರಿಯರು ಮರೆತಿಲ್ಲ. ಬೊಂಬಾಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಮನಿಯಾರ್ಡರನ್ನು ಎಣಿಸಿ ಕೊಟ್ಟು, ಓದು ಬಾರದ ತಾಯಂದಿರಿಗೆ ಕಾಗದವನ್ನು ಓದಿ ಹೇಳಿ, ಮನೆಮನೆಯ ಗುಟ್ಟನ್ನು ತಮ್ಮಲ್ಲೇ ಉಳಿಸಿಕೊಂಡವರು ಅವರು.

ಸರಕಾರದ ಲೆಕ್ಕದಲ್ಲಿ ಅದು ದಿನಕ್ಕೆ ಕೆಲವೇ ತಾಸಿನ ಕೆಲಸ. ‘ಇಲಾಖೇತರ’ ನೌಕರರು 2001ರ ನಿಯಮಗಳಲ್ಲಿ ‘ಗ್ರಾಮೀಣ ಡಾಕ್ ಸೇವಕ’ರಾದರು. ಹೆಸರು ಬದಲಾಯಿತು, ಆದರೆ 65ನೆಯ ವಯಸ್ಸಿನಲ್ಲಿ ನಿವೃತ್ತರಾಗುವ ಅವರಿಗೆ ಕಾಯಂ ನೌಕರರಂತೆ ಪಿಂಚಣಿ ದೊರೆಯಲಿಲ್ಲ.

ಅಂಥವರೊಬ್ಬರನ್ನು ನಾನು ಬಲ್ಲೆ. ಚೀಲ ಇಳಿಸಿದ ಮೇಲೆ ಮಲ್ಲಿಗೆ ಗಿಡಗಳಿಗೆ ನೀರು, ಸಂಜೆ ಪಿಟೀಲು, ಆದಿತ್ಯವಾರ ಇಗರ್ಜಿಯ ಗಾಯನವೃಂದ. ಮುಪ್ಪಿನಲ್ಲಿ ಅವರ ಮನೆಖರ್ಚಿಗೆ ಒದಗಿದ್ದು ಆ ಮಲ್ಲಿಗೆಯ ಚೆಂಡುಗಳೇ. ಒಂಟಿತನವನ್ನು ನೀಗಿದ್ದು ಪಿಟೀಲು. ನಾವು ದುಡಿಯುವುದೇ ಬಿಡುವಿಗಾಗಿ ಎಂದು ಅರಿಸ್ಟಾಟಲ್ ತಿಳಿಸಿದ್ದ. ಆ ಬಿಡುವನ್ನು ಸಾರ್ಥಕಗೊಳಿಸಿದವರು ಇವರು.

ಆದರೂ ವಾಚಕರೇ, ಹೂವಿನ ಗಿಡ ಪಿಂಚಣಿಯ ಬದಲಿಯಲ್ಲ. ನಿಮ್ಮೂರಿನ ಅಂಚೆಯಣ್ಣ ಹೊಸ್ತಿಲಿಗೆ ಬಂದಾಗ ಬೆಲ್ಲ, ನೀರು ಕೊಟ್ಟು ಯೋಗಕ್ಷೇಮ ವಿಚಾರಿಸಿರಿ. ಅವರ ನ್ಯಾಯವಾದ ಬೇಡಿಕೆಗೆ ನಿಮ್ಮ ದನಿಯನ್ನೂ ಸೇರಿಸಿರಿ. ನಮ್ಮ ಸುಖದುಃಖಗಳ ಭಾರವನ್ನು ಅಷ್ಟು ವರ್ಷ ಹೊತ್ತವರಿಗೆ ನಾವು ತೀರಿಸಬೇಕಾದ ಋಣವಿದು.