೨೦೦೮ರ ಕರ್ನಾಟಕ ಚರ್ಚ್ ದಾಳಿಗಳು ಮತ್ತು ಕ್ರೈಸ್ತ ಪ್ರತಿಕ್ರಿಯೆ

೨೦೦೮ರ ಕರ್ನಾಟಕ ಚರ್ಚ್ ದಾಳಿಗಳು ಎಂಬುದು ೨೦೦೮ರ ಸೆಪ್ಟೆಂಬರ್ ೧೪ರಿಂದ ಮೊದಲ್ಗೊಂಡು ಮಂಗಳೂರು, ಉಡುಪಿ, ಚಿಕ್ಕಮಗಳೂರು ಮತ್ತಿತರ ಕಡೆಗಳಲ್ಲಿ ಕ್ರೈಸ್ತ ಪ್ರಾರ್ಥನಾ ಸ್ಥಳಗಳ ಮೇಲೆ ನಡೆದ ಸರಣಿ ದಾಳಿಗಳಿಗೆ ಇರುವ ಹೆಸರು. ಇವು ಧರ್ಮದ ನೆಲೆಯಲ್ಲಿ ನಡೆದ ದ್ವೇಷಾಪರಾಧಗಳೆಂದು ಪರಿಗಣಿತವಾಗಿವೆ. ವ್ಯಕ್ತಿಯೊಬ್ಬ ಮಾಡಿದ ಕೃತ್ಯಕ್ಕಾಗಿ ಅಲ್ಲದೆ, ಆತನ ಜನಾಂಗ, ಜಾತಿ, ಧರ್ಮ ಅಥವಾ ಭಾಷೆಯ ಕಾರಣಕ್ಕಾಗಿ ಆತನ ಮೇಲೆ ಅಥವಾ ಆತನ ಸಮುದಾಯದ ಮೇಲೆ ನಡೆಯುವ ಅಪರಾಧವನ್ನು ದ್ವೇಷಾಪರಾಧ ಎನ್ನುತ್ತಾರೆ. ಇಂತಹ ಅಪರಾಧಕ್ಕೆ ಒಳಗಾದ ಕ್ರೈಸ್ತರ ಮುಂದೆ ಎರಡು ಕರ್ತವ್ಯಗಳು ಒಟ್ಟಿಗೆ ನಿಲ್ಲುತ್ತವೆ: ವೈರಿಯನ್ನು ಕ್ಷಮಿಸಬೇಕೆಂಬ ಧರ್ಮದ ಆಜ್ಞೆ ಮತ್ತು ಅನ್ಯಾಯಕ್ಕೆ ನ್ಯಾಯ ಕೇಳಬೇಕೆಂಬ ನಾಗರಿಕ ಹಕ್ಕು. ಈ ಲೇಖನವು ಘಟನೆಯ ವಿವರಗಳನ್ನೂ ಆ ಎರಡು ಕರ್ತವ್ಯಗಳ ನಡುವಿನ ಚರ್ಚೆಯನ್ನೂ ಕುರಿತದ್ದಾಗಿದೆ.

ಹಿನ್ನೆಲೆ

೨೦೦೧ರ ಜನಗಣತಿಯ ಪ್ರಕಾರ ಕರ್ನಾಟಕದ ಕ್ರೈಸ್ತರ ಸಂಖ್ಯೆ ಸುಮಾರು ೧೦ ಲಕ್ಷ. ಇದು ರಾಜ್ಯದ ಜನಸಂಖ್ಯೆಯ ಶೇಕಡಾ ೨ಕ್ಕಿಂತ ಕಡಿಮೆ. ಕರಾವಳಿಯಲ್ಲಿ ಈ ಪ್ರಮಾಣ ಹೆಚ್ಚು. ಮಂಗಳೂರಿನ ಕ್ಯಾಥೋಲಿಕರ ಇತಿಹಾಸದಲ್ಲಿ ಇದಕ್ಕೂ ಹಿಂದಿನ ಕಷ್ಟದ ನೆನಪುಗಳಿವೆ. ೧೭೮೪ರಲ್ಲಿ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕಳುಹಿಸಿದನು. ೧೭೯೯ರಲ್ಲಿ ಅವನ ಪತನದ ಬಳಿಕ ಉಳಿದವರು ಊರಿಗೆ ಮರಳಿದರು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಪ್ರಾಟೆಸ್ಟಂಟ್ ಸಭೆಗಳಿಗೆ ಬುನಾದಿ ಹಾಕಿತು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' (೧೮೪೩) ಮತ್ತು ಕಿಟೆಲರ ಕನ್ನಡ ನಿಘಂಟು (೧೮೯೪) ಈ ಮಿಷನ್ನಿನ ಪರಿಸರದಿಂದಲೇ ಬಂದವು.

೨೦೦೮ರ ಮೇ ತಿಂಗಳಿನಲ್ಲಿ ಬಿ. ಎಸ್. ಯಡಿಯೂರಪ್ಪನವರ ನೇತೃತ್ವದಲ್ಲಿ ಭಾರತೀಯ ಜನತಾ ಪಕ್ಷದ ಸರ್ಕಾರ ಕರ್ನಾಟಕದಲ್ಲಿ ಅಧಿಕಾರಕ್ಕೆ ಬಂದಿತು. ಅದೇ ವರ್ಷ ಆಗಸ್ಟ್ ೨೩ರಂದು ಒಡಿಶಾದ ಕಂಧಮಾಲ್ ಜಿಲ್ಲೆಯಲ್ಲಿ ಸ್ವಾಮಿ ಲಕ್ಷ್ಮಣಾನಂದ ಸರಸ್ವತಿಯವರ ಹತ್ಯೆಯಾಯಿತು. ಅದರ ಬೆನ್ನಿಗೆ ಅಲ್ಲಿನ ಕ್ರೈಸ್ತರ ಮೇಲೆ ವ್ಯಾಪಕ ಹಿಂಸಾಚಾರ ನಡೆಯಿತು. ಇದನ್ನು ಪ್ರತಿಭಟಿಸಿ ಆಗಸ್ಟ್ ೨೯ರಂದು ದೇಶದಾದ್ಯಂತ ಕ್ರೈಸ್ತ ವಿದ್ಯಾಸಂಸ್ಥೆಗಳು ಬಾಗಿಲು ಮುಚ್ಚಿದವು. ಕರ್ನಾಟಕದಲ್ಲಿ ಈ ರಜೆಯೇ ವಿವಾದವಾಯಿತು.

ಇದೇ ಹೊತ್ತಿನಲ್ಲಿ 'ನ್ಯೂ ಲೈಫ್ ಫೆಲೋಶಿಪ್' ಎಂಬ ಪ್ರಾರ್ಥನಾ ಸಂಸ್ಥೆಯು ಬಲವಂತದ ಮತಾಂತರದಲ್ಲಿ ತೊಡಗಿದೆ ಎಂಬ ಆರೋಪವನ್ನು ಬಜರಂಗ ದಳ ಮಾಡಿತು. ಹಿಂದೂ ದೇವತೆಗಳನ್ನು ಅವಹೇಳನ ಮಾಡುತ್ತದೆ ಎನ್ನಲಾದ 'ಸತ್ಯದರ್ಶಿನಿ' ಎಂಬ ಪುಸ್ತಕವು ಈ ಆರೋಪಕ್ಕೆ ಆಧಾರವಾಗಿ ಉಲ್ಲೇಖವಾಯಿತು. ಆ ಸಂಸ್ಥೆಗೂ ಪುಸ್ತಕಕ್ಕೂ ತಮಗೂ ಸಂಬಂಧವಿಲ್ಲವೆಂದು ಕ್ಯಾಥೋಲಿಕ್ ಸಭೆಯು ಸ್ಪಷ್ಟಪಡಿಸಿತು.

ದಾಳಿಗಳು

೨೦೦೮ರ ಸೆಪ್ಟೆಂಬರ್ ೧೪ ಭಾನುವಾರವಾಗಿತ್ತು. ಕ್ಯಾಥೋಲಿಕ್ ಪಂಚಾಂಗದಲ್ಲಿ ಅದು ಪವಿತ್ರ ಶಿಲುಬೆಯ ಹಬ್ಬದ ದಿನವೂ ಹೌದು. ಅಂದು ಬೆಳಿಗ್ಗೆ ಮಂಗಳೂರಿನ ಮಿಲಾಗ್ರಿಸ್ ಚರ್ಚಿನ ಸಮೀಪದಲ್ಲಿರುವ ಆರಾಧನಾ ಮಠಕ್ಕೆ ಗುಂಪೊಂದು ನುಗ್ಗಿತು. ಇದು ಹೊರಜಗತ್ತಿನಿಂದ ದೂರವಿದ್ದು ಪ್ರಾರ್ಥನೆಯಲ್ಲಿಯೇ ಬದುಕು ಸವೆಸುವ ಕ್ಲಾರಾ ಸಭೆಯ ಕನ್ಯಾಸ್ತ್ರೀಯರ ಮಠ. ಗುಂಪು ಕಿಟಕಿಯ ಗಾಜುಗಳನ್ನೂ ಶಿಲುಬೆಯನ್ನೂ ಒಡೆಯಿತು. ಪರಮಪ್ರಸಾದವನ್ನು ಇರಿಸುವ ಪೆಟ್ಟಿಗೆಯನ್ನು ಹಾಳುಗೆಡವಿತು. ಮಠವು ಮತಾಂತರದ ಆರೋಪಕ್ಕೆ ಒಳಗಾದ ಸಂಸ್ಥೆಯಾಗಿರಲಿಲ್ಲ.

ಕ್ಯಾಥೋಲಿಕರ ನಂಬಿಕೆಯಲ್ಲಿ ಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿಯು ಕ್ರಿಸ್ತನ ಶರೀರವೇ ಆಗಿರುತ್ತದೆ. ಅದು ಕೇವಲ ಸಂಕೇತವಲ್ಲ. ಆದುದರಿಂದ ಅದರ ಅಪವಿತ್ರೀಕರಣವು ಕಟ್ಟಡದ ಹಾನಿಗಿಂತ ಬಹಳ ಗಂಭೀರವಾದದ್ದು. ನಷ್ಟ ಪರಿಹಾರದ ಹಣದಿಂದ ಗಾಜನ್ನು ಮತ್ತೆ ಕೂರಿಸಬಹುದು. ಈ ಗಾಯಕ್ಕೆ ಆ ಮದ್ದಿಲ್ಲ. ದಾಳಿಯ ಸುದ್ದಿ ನಗರದಲ್ಲಿ ಹಬ್ಬಿದಾಗ ಜನ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಬೀದಿಗೆ ಬಂದುದಕ್ಕೆ ಈ ನಂಬಿಕೆಯೂ ಒಂದು ಕಾರಣ.

ಅದೇ ದಿನ ಮತ್ತು ಮುಂದಿನ ದಿನಗಳಲ್ಲಿ ದಕ್ಷಿಣ ಕನ್ನಡ, ಉಡುಪಿ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಹಲವು ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದವು. ಅವುಗಳಲ್ಲಿ ಹೆಚ್ಚಿನವು ನ್ಯೂ ಲೈಫ್ ಸಂಸ್ಥೆಗೆ ಸೇರಿದವು.

ಪ್ರತಿಭಟನೆ ಮತ್ತು ಪೊಲೀಸ್ ಕ್ರಮ

ದಾಳಿಯನ್ನು ಖಂಡಿಸಿ ಕ್ರೈಸ್ತರು ಮಂಗಳೂರಿನ ಚರ್ಚುಗಳ ಆವರಣಗಳಲ್ಲಿ ಸೇರಿದರು. ಕುಲಶೇಖರದ ಪವಿತ್ರ ಶಿಲುಬೆಯ ಚರ್ಚ್ ಮತ್ತು ಪೆರ್ಮನ್ನೂರಿನ ಸಂತ ಸೆಬಾಸ್ಟಿಯನ್ ಚರ್ಚ್ ಮೊದಲಾದೆಡೆ ಪೊಲೀಸರು ಲಾಠಿ ಬೀಸಿದರು ಮತ್ತು ಅಶ್ರುವಾಯು ಪ್ರಯೋಗಿಸಿದರು. ಗುಂಪಿನಿಂದ ಕಲ್ಲು ತೂರಾಟ ನಡೆಯಿತೆಂಬುದು ಪೊಲೀಸರ ಹೇಳಿಕೆ. ಚರ್ಚಿನೊಳಗಿದ್ದವರನ್ನೂ ಥಳಿಸಲಾಯಿತೆಂಬುದು ಕ್ರೈಸ್ತರ ದೂರು. ದಾಳಿ ಮಾಡಿದವರಿಗಿಂತ ದಾಳಿಗೆ ಒಳಗಾದವರ ಮೇಲೆಯೇ ಕಠಿಣ ಕ್ರಮ ನಡೆಯಿತೆಂಬ ಭಾವನೆ ಸಮುದಾಯದಲ್ಲಿ ಆಳವಾಗಿ ಬೇರೂರಿತು. ನಗರದಲ್ಲಿ ನಿಷೇಧಾಜ್ಞೆ ಜಾರಿಯಾಯಿತು.

ಬಜರಂಗ ದಳದ ಅಂದಿನ ರಾಜ್ಯ ಸಂಚಾಲಕ ಮಹೇಂದ್ರ ಕುಮಾರ್ ಮಾಧ್ಯಮಗಳ ಮುಂದೆ ದಾಳಿಗಳನ್ನು ಸಮರ್ಥಿಸಿಕೊಂಡರು. ಸೆಪ್ಟೆಂಬರ್ ತಿಂಗಳಲ್ಲಿಯೇ ಅವರ ಬಂಧನವಾಯಿತು. ಕೇಂದ್ರ ಸರ್ಕಾರವು ಸಂವಿಧಾನದ ೩೫೫ನೆಯ ವಿಧಿಯನ್ನು ಉಲ್ಲೇಖಿಸಿ ಕರ್ನಾಟಕ ಮತ್ತು ಒಡಿಶಾ ಸರ್ಕಾರಗಳಿಗೆ ಎಚ್ಚರಿಕೆಯ ಸೂಚನೆ ನೀಡಿತು.

ವಿಚಾರಣಾ ಆಯೋಗ

ರಾಜ್ಯ ಸರ್ಕಾರವು ನಿವೃತ್ತ ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಅವರ ಏಕಸದಸ್ಯ ವಿಚಾರಣಾ ಆಯೋಗವನ್ನು ನೇಮಿಸಿತು. ಆಯೋಗವು ೨೦೧೦ರ ಫೆಬ್ರುವರಿಯಲ್ಲಿ ಮಧ್ಯಂತರ ವರದಿಯನ್ನೂ ೨೦೧೧ರ ಜನವರಿ ೨೮ರಂದು ಅಂತಿಮ ವರದಿಯನ್ನೂ ಸಲ್ಲಿಸಿತು. ದಾಳಿಗಳಲ್ಲಿ ರಾಜಕಾರಣಿಗಳು, ಭಾರತೀಯ ಜನತಾ ಪಕ್ಷ, ಮುಖ್ಯವಾಹಿನಿಯ ಸಂಘ ಪರಿವಾರ ಮತ್ತು ಸರ್ಕಾರದ ನೇರ ಅಥವಾ ಪರೋಕ್ಷ ಪಾತ್ರವಿತ್ತೆಂಬ ಕ್ರೈಸ್ತರ ಶಂಕೆಗೆ ಆಧಾರವಿಲ್ಲವೆಂದು ಅಂತಿಮ ವರದಿ ಹೇಳಿತು. ಕ್ರೈಸ್ತ ಮುಖಂಡರು ಇದನ್ನು ಒಪ್ಪಲಿಲ್ಲ. ಕೇಂದ್ರೀಯ ತನಿಖಾ ದಳದ ತನಿಖೆಗೆ ಒತ್ತಾಯಿಸಿದರು. ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಎಫ್. ಸಲ್ಡಾನ ಸ್ವತಂತ್ರವಾಗಿ ವಿಚಾರಣೆ ನಡೆಸಿ, ದಾಳಿಗಳಿಗೆ ಸರ್ಕಾರದ ಬೆಂಬಲವಿತ್ತೆಂಬ ವಿರುದ್ಧ ತೀರ್ಮಾನಕ್ಕೆ ಬಂದರು.

ಕ್ಷಮೆ ಮತ್ತು ನ್ಯಾಯ: ಧರ್ಮಶಾಸ್ತ್ರದ ನೆಲೆ

ದ್ವೇಷಕ್ಕೆ ಕ್ರೈಸ್ತನು ಹೇಗೆ ಉತ್ತರಿಸಬೇಕೆಂಬ ಪ್ರಶ್ನೆಗೆ ಹೊಸ ಒಡಂಬಡಿಕೆಯಲ್ಲಿ ಒಂದೇ ಬಗೆಯ ಉತ್ತರವಿಲ್ಲ. ಮತ್ತಾಯನ ಸುವಾರ್ತೆಯ ಪರ್ವತ ಪ್ರಸಂಗದಲ್ಲಿ ಯೇಸು ವೈರಿಗಳನ್ನು ಪ್ರೀತಿಸಲು, ಹಿಂಸಿಸುವವರಿಗಾಗಿ ಪ್ರಾರ್ಥಿಸಲು, ಕೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆಯನ್ನು ಒಡ್ಡಲು ಬೋಧಿಸುತ್ತಾನೆ. ಲೂಕನ ಸುವಾರ್ತೆಯಲ್ಲಿ ಶಿಲುಬೆಯ ಮೇಲಿಂದಲೇ ತನ್ನನ್ನು ಕೊಲ್ಲುತ್ತಿರುವವರಿಗಾಗಿ ಕ್ಷಮೆ ಬೇಡುತ್ತಾನೆ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ೧೨ನೆಯ ಅಧ್ಯಾಯದಲ್ಲಿ ಮುಯ್ಯಿ ತೀರಿಸುವುದನ್ನು ದೇವರಿಗೆ ಬಿಟ್ಟುಬಿಡಬೇಕೆಂದು ಹೇಳುತ್ತಾನೆ.

ಇದೇ ಗ್ರಂಥದಲ್ಲಿ ಇನ್ನೊಂದು ಧಾರೆಯೂ ಇದೆ. ಯೋಹಾನನ ಸುವಾರ್ತೆಯ ೧೮ನೆಯ ಅಧ್ಯಾಯದಲ್ಲಿ, ವಿಚಾರಣೆಯ ವೇಳೆ ಕಾವಲುಗಾರನೊಬ್ಬನು ಕೆನ್ನೆಗೆ ಹೊಡೆದಾಗ ಯೇಸು ಸುಮ್ಮನಿರದೆ, ಹೊಡೆದುದಕ್ಕೆ ಕಾರಣ ಕೇಳುತ್ತಾನೆ. ಅಪೊಸ್ತಲರ ಕೃತ್ಯಗಳು ೧೬ನೆಯ ಅಧ್ಯಾಯದಲ್ಲಿ, ಫಿಲಿಪ್ಪಿಯ ಅಧಿಕಾರಿಗಳು ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ್ದ ಪೌಲನು, ಗುಟ್ಟಾಗಿ ಹೊರಟುಹೋಗಲು ಒಪ್ಪುವುದಿಲ್ಲ. ತಾನು ರೋಮಿನ ಪೌರನೆಂದು ಹೇಳಿ, ಅಧಿಕಾರಿಗಳೇ ಬಂದು ತನ್ನನ್ನು ಬಿಡುಗಡೆ ಮಾಡಬೇಕೆಂದು ಹಟ ಹಿಡಿಯುತ್ತಾನೆ. ಮುಂದೆ ೨೫ನೆಯ ಅಧ್ಯಾಯದಲ್ಲಿ ತನ್ನ ಮೊಕದ್ದಮೆಯನ್ನು ಕೈಸರನ ಬಳಿಗೆ ಒಯ್ಯುವ ಹಕ್ಕನ್ನು ಬಳಸುತ್ತಾನೆ. ಮುಯ್ಯಿ ಬೇಡವೆಂದ ಅದೇ ಪೌಲನು ಕಾನೂನಿನ ಬಾಗಿಲು ತಟ್ಟಿದುದನ್ನು ಧರ್ಮಶಾಸ್ತ್ರಜ್ಞರು ವಿರೋಧಾಭಾಸವೆಂದು ಎಣಿಸುವುದಿಲ್ಲ. ಮುಯ್ಯಿಯು ಹೊಡೆದವನ ನಾಶವನ್ನು ಬಯಸುತ್ತದೆ. ನ್ಯಾಯವು ಸತ್ಯ ಹೊರಬರುವುದನ್ನೂ ಮತ್ತೊಬ್ಬನಿಗೆ ಅದೇ ಪೆಟ್ಟು ಬೀಳದಿರುವುದನ್ನೂ ಬಯಸುತ್ತದೆ.

ಕ್ಷಮೆಯು ಗಾಯಗೊಂಡವನು ಮಾತ್ರ ಕೊಡಬಹುದಾದ ವಸ್ತು. ಶಿಕ್ಷೆಯು ರಾಜ್ಯದ ಹೊಣೆ. ಆದ್ದರಿಂದ ಒಬ್ಬರು ಕ್ಷಮಿಸಿದ ಮಾತ್ರಕ್ಕೆ ಮೊಕದ್ದಮೆ ಇಲ್ಲವಾಗುವುದಿಲ್ಲ, ಮೊಕದ್ದಮೆ ಹೂಡಿದ ಮಾತ್ರಕ್ಕೆ ಕ್ಷಮೆ ಸುಳ್ಳಾಗುವುದಿಲ್ಲ.

ಹೋಲಿಕೆಯ ಪ್ರಕರಣಗಳು

ಸ್ಟೇನ್ಸ್ ಕುಟುಂಬ (೧೯೯೯): ಆಸ್ಟ್ರೇಲಿಯದ ಗ್ರಹಾಂ ಸ್ಟೇನ್ಸ್ ಒಡಿಶಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದರು. ೧೯೯೯ರ ಜನವರಿ ೨೨ರ ರಾತ್ರಿ ಮನೋಹರಪುರ ಎಂಬ ಹಳ್ಳಿಯಲ್ಲಿ, ವಾಹನದಲ್ಲಿ ಮಲಗಿದ್ದ ಅವರನ್ನೂ ಅವರ ಪುತ್ರರಾದ ಫಿಲಿಪ್ (೧೦) ಮತ್ತು ತಿಮೋತಿ (೬) ಇಬ್ಬರನ್ನೂ ಗುಂಪೊಂದು ಸುಟ್ಟು ಕೊಂದಿತು. ಅವರ ಪತ್ನಿ ಗ್ಲಾಡಿಸ್ ಸ್ಟೇನ್ಸ್ ಹಂತಕರನ್ನು ಕ್ಷಮಿಸಿರುವುದಾಗಿ ಪ್ರಕಟಿಸಿ, ಮಗಳೊಡನೆ ಅಲ್ಲಿಯೇ ಉಳಿದು ಸೇವೆ ಮುಂದುವರಿಸಿದರು. ೨೦೦೫ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಕಾನೂನು ತನ್ನ ದಾರಿಯಲ್ಲಿ ನಡೆಯಿತು: ಮುಖ್ಯ ಆರೋಪಿ ದಾರಾ ಸಿಂಗ್‌ಗೆ ೨೦೦೩ರಲ್ಲಿ ಮರಣದಂಡನೆಯಾಯಿತು, ೨೦೦೫ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ಜೀವಾವಧಿಗೆ ಇಳಿಸಿತು, ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಜೀವಾವಧಿಯನ್ನೇ ಎತ್ತಿಹಿಡಿಯಿತು.

ಚಾರ್ಲ್ಸ್‌ಟನ್ (೨೦೧೫): ಅಮೆರಿಕದ ದಕ್ಷಿಣ ಕೆರೊಲೈನಾ ರಾಜ್ಯದ ಚಾರ್ಲ್ಸ್‌ಟನ್ ನಗರದ ಇಮ್ಯಾನ್ಯುಯೆಲ್ ಚರ್ಚಿನಲ್ಲಿ ೨೦೧೫ರ ಜೂನ್ ೧೭ರಂದು ಬೈಬಲ್ ಅಧ್ಯಯನಕ್ಕೆ ಕುಳಿತಿದ್ದ ಒಂಬತ್ತು ಮಂದಿ ಕಪ್ಪು ಜನಾಂಗದವರನ್ನು ಬಿಳಿಯ ಯುವಕನೊಬ್ಬ ಜನಾಂಗದ್ವೇಷದಿಂದ ಗುಂಡಿಕ್ಕಿ ಕೊಂದನು. ಎರಡು ದಿನಗಳ ಬಳಿಕ ನ್ಯಾಯಾಲಯದಲ್ಲಿ ಮೃತರ ಬಂಧುಗಳಲ್ಲಿ ಕೆಲವರು ಅವನನ್ನು ಕ್ಷಮಿಸುವುದಾಗಿ ಹೇಳಿದುದು ಜಗತ್ತಿನ ಗಮನ ಸೆಳೆಯಿತು. ೨೦೧೭ರಲ್ಲಿ ಅವನಿಗೆ ಮರಣದಂಡನೆ ವಿಧಿಸಲಾಯಿತು. ಎಲ್ಲ ಬಂಧುಗಳೂ ಕ್ಷಮಿಸಿರಲಿಲ್ಲ. ತುಳಿತಕ್ಕೆ ಒಳಗಾದವರಿಂದ ಸಮಾಜವು ಬೇಗನೆ ಕ್ಷಮೆಯನ್ನು ನಿರೀಕ್ಷಿಸುವುದು ಅವರ ಮೇಲೆ ಹೇರುವ ಮತ್ತೊಂದು ಹೊರೆಯೆಂಬ ಟೀಕೆಯೂ ಆಗ ಕೇಳಿಬಂದಿತು.

ಜನಾಂಗ, ಜಾತಿ ಮತ್ತು ಧರ್ಮ

ಜನಾಂಗ ತಾರತಮ್ಯದ ನಿರ್ಮೂಲನೆಯನ್ನು ಕುರಿತ ೧೯೬೫ರ ವಿಶ್ವಸಂಸ್ಥೆಯ ಒಡಂಬಡಿಕೆಯು ಜನಾಂಗ ಮತ್ತು ಬಣ್ಣದ ಜೊತೆಗೆ ವಂಶಮೂಲವನ್ನೂ ಹೆಸರಿಸುತ್ತದೆ. ಜಾತಿಯೂ ಇದರಲ್ಲಿ ಸೇರುತ್ತದೆಯೇ ಎಂಬ ಚರ್ಚೆ ೨೦೦೧ರ ಡರ್ಬನ್ ಸಮ್ಮೇಳನದಲ್ಲಿ ತೀವ್ರವಾಗಿ ನಡೆಯಿತು. ಭಾರತ ಸರ್ಕಾರ ಸೇರುವುದಿಲ್ಲವೆಂದು ವಾದಿಸಿತು.

ಈ ಪ್ರಶ್ನೆ ಕಲ್ಯಾಣ ಕರ್ನಾಟಕದ ಕ್ರೈಸ್ತರಿಗೆ ಹತ್ತಿರವಾದದ್ದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಮೊದಲಾದ ಊರುಗಳಿರುವ ಕಲಬುರಗಿ ಜಿಲ್ಲೆಯು ೧೯೫೬ರವರೆಗೆ ಹೈದರಾಬಾದ್ ಸಂಸ್ಥಾನ ಮತ್ತು ರಾಜ್ಯದ ಭಾಗವಾಗಿತ್ತು. ಇಲ್ಲಿನ ಕ್ರೈಸ್ತರ ಸಂಖ್ಯೆ ಕರಾವಳಿಗೆ ಹೋಲಿಸಿದರೆ ತೀರ ಚಿಕ್ಕದು. ಬೀದರ–ಕಲಬುರಗಿ ಸೀಮೆಯಲ್ಲಿ ಮೆಥೋಡಿಸ್ಟ್ ಮಿಷನ್ನಿನ ಕೆಲಸದಿಂದ ಬೆಳೆದ ಸಭೆಗಳಲ್ಲಿ ದಲಿತ ಮೂಲದವರೇ ಹೆಚ್ಚು. ಕ್ಯಾಥೋಲಿಕರಿಗಾಗಿ ೨೦೦೫ರಲ್ಲಿ ಗುಲ್ಬರ್ಗಾ ಧರ್ಮಪ್ರಾಂತ ಸ್ಥಾಪನೆಯಾಯಿತು. ಮಂಗಳೂರಿನಂತೆ ದೊಡ್ಡ ಚರ್ಚು, ಕಾಲೇಜು, ಆಸ್ಪತ್ರೆಗಳ ಆಸರೆಯಿಲ್ಲದ ಚಿಕ್ಕ ಸಭೆಯ ಮೇಲೆ ದಾಳಿಯಾದರೆ ಅದರ ದನಿ ದೂರ ಕೇಳಿಸುವುದು ಕಷ್ಟ.

ದಲಿತ ಕ್ರೈಸ್ತರಿಗೆ ಕಾನೂನಿನ ತೊಡಕೂ ಇದೆ. ೧೯೫೦ರ ಪರಿಶಿಷ್ಟ ಜಾತಿಗಳ ಆದೇಶದಂತೆ ಹಿಂದೂಗಳಿಗೆ, ೧೯೫೬ರ ತಿದ್ದುಪಡಿಯಿಂದ ಸಿಖ್ಖರಿಗೆ ಮತ್ತು ೧೯೯೦ರ ತಿದ್ದುಪಡಿಯಿಂದ ಬೌದ್ಧರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನ ದೊರೆಯುತ್ತದೆ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ ೧ರಲ್ಲಿ ಬರುತ್ತಾರೆ. ೧೯೮೯ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮೀಸಲು. ಹೀಗಾಗಿ ಜಾತಿಯ ಕಾರಣಕ್ಕೆ ಪೆಟ್ಟು ತಿಂದ ದಲಿತ ಕ್ರೈಸ್ತನು ಆ ಕಾಯ್ದೆಯ ಹೊರಗೆ ಉಳಿಯುತ್ತಾನೆ. ಈ ಸ್ಥಾನಮಾನದ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರವು ೨೦೨೨ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿತು.

ಕಾನೂನು

ಭಾರತದಲ್ಲಿ ದ್ವೇಷಾಪರಾಧಕ್ಕೆಂದೇ ಪ್ರತ್ಯೇಕ ಕಾಯ್ದೆಯಿಲ್ಲ. ೨೦೦೮ರಲ್ಲಿ ಭಾರತೀಯ ದಂಡ ಸಂಹಿತೆಯ ೧೫೩ಎ (ಗುಂಪುಗಳ ನಡುವೆ ವೈರ ಬಿತ್ತುವುದು), ೨೯೫ (ಪೂಜಾಸ್ಥಳಕ್ಕೆ ಹಾನಿ) ಮತ್ತು ೨೯೫ಎ (ಧಾರ್ಮಿಕ ಭಾವನೆಗೆ ಉದ್ದೇಶಪೂರ್ವಕ ಘಾಸಿ) ಕಲಮುಗಳು ಇಂತಹ ಕೃತ್ಯಗಳಿಗೆ ಅನ್ವಯಿಸುತ್ತಿದ್ದವು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವುಗಳ ಸ್ಥಾನದಲ್ಲಿ ೧೯೬, ೨೯೮ ಮತ್ತು ೨೯೯ನೆಯ ಕಲಮುಗಳಿವೆ. ಐದು ಅಥವಾ ಹೆಚ್ಚು ಜನರ ಗುಂಪು ಜನಾಂಗ, ಜಾತಿ, ಸಮುದಾಯ, ಭಾಷೆ ಮೊದಲಾದ ಕಾರಣಗಳಿಗಾಗಿ ಮಾಡುವ ಕೊಲೆಯನ್ನು ಅದರ ೧೦೩(೨)ನೆಯ ಕಲಮು ಪ್ರತ್ಯೇಕವಾಗಿ ಗುರುತಿಸುತ್ತದೆ.

ನಂತರದ ಬೆಳವಣಿಗೆಗಳು

ಮಹೇಂದ್ರ ಕುಮಾರ್ ಬಳಿಕ ಬಜರಂಗ ದಳವನ್ನು ತೊರೆದರು. ಕೆಲಕಾಲ ಜಾತ್ಯತೀತ ಜನತಾ ದಳದಲ್ಲಿದ್ದ ಅವರು, ಮುಂದಿನ ವರ್ಷಗಳಲ್ಲಿ ಕೋಮುವಾದದ ವಿರುದ್ಧ ಸಭೆಗಳಲ್ಲಿ ಮಾತನಾಡುತ್ತ, ಯುವಕರು ದ್ವೇಷದ ರಾಜಕಾರಣಕ್ಕೆ ಬಲಿಯಾಗಬಾರದೆಂದು ಎಚ್ಚರಿಸತೊಡಗಿದರು. ೨೦೨೦ರ ಏಪ್ರಿಲ್ ೨೫ರಂದು ಅವರು ನಿಧನರಾದರು. ಅವರ ನೆನಪುಗಳು ನವೀನ್ ಸೂರಿಂಜೆಯವರ ನಿರೂಪಣೆಯಲ್ಲಿ 'ನಡು ಬಗ್ಗಿಸದ ಎದೆಯ ದನಿ' ಎಂಬ ಪುಸ್ತಕವಾಗಿ ಪ್ರಕಟವಾಗಿವೆ. ದಾಳಿಯನ್ನು ಸಮರ್ಥಿಸಿಕೊಂಡಿದ್ದ ವ್ಯಕ್ತಿಯೇ ದ್ವೇಷದ ವಿರುದ್ಧ ನಿಂತುದನ್ನು, ವೈರಿಗಾಗಿ ಪ್ರಾರ್ಥಿಸುವ ಬೋಧನೆಯ ಸಂದರ್ಭದಲ್ಲಿ ನೆನೆಯಬಹುದು.

ಮತಾಂತರದ ವಿವಾದ ರಾಜ್ಯದಲ್ಲಿ ಮುಂದುವರಿಯಿತು. ೨೦೨೨ರಲ್ಲಿ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಿತು; ೨೦೨೩ರ ಜೂನ್ ತಿಂಗಳಲ್ಲಿ ಹೊಸ ಸರ್ಕಾರದ ಸಚಿವ ಸಂಪುಟವು ಅದನ್ನು ಹಿಂಪಡೆಯಲು ತೀರ್ಮಾನಿಸಿತು.