ಕಡಲ ಮೇಲಿನ ಸಿಹಿನೀರು

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯ ಬಳಿ ಹಬ್ಬಿರುವ ಸೂಳೆಕೆರೆಯನ್ನು, ಇಂದಿನವರು ಕರೆಯುವಂತೆ ಶಾಂತಿಸಾಗರವನ್ನು, ಮೊದಲ ಸಲ ಕಂಡವರು ಅದನ್ನು ಕೆರೆಯೆಂದು ಕರೆಯಲು ಅನುಮಾನಿಸುತ್ತಾರೆ. ಹರಿದ್ರಾ ಹೊಳೆಗೆ ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಆ ನೀರು, ಗಾಳಿ ಬೀಸಿದ ದಿನ ಸಣ್ಣದೊಂದು ಸಮುದ್ರದಂತೆಯೇ ಅಲೆಯೆಬ್ಬಿಸುತ್ತದೆ. ವೈಶಾಖದ ಗಾಳಿಯಿಲ್ಲದ ಮಧ್ಯಾಹ್ನ ಇಂಥ ಆಳವಾದ ನೀರಿಗಿಳಿದು ಈಜಿದವರಿಗೆ ಒಂದು ಸಂಗತಿ ಮೈಯ ಅನುಭವದಿಂದಲೇ ಗೊತ್ತು. ಎದೆಯ ಮಟ್ಟದಲ್ಲಿ ನೀರು ಬೆಚ್ಚಗಿರುತ್ತದೆ. ಕಾಲು ಆಳಕ್ಕಿಳಿದಲ್ಲಿ ತಣ್ಣಗೆ ಕೊರೆಯುತ್ತದೆ. ಬಿಸಿನೀರು ಹಗುರ, ತಣ್ಣೀರು ಭಾರ. ಗಾಳಿ ಬಂದು ಕಲಕುವ ತನಕ ಅವೆರಡೂ ಬೆರೆಯುವುದಿಲ್ಲ.

ಕೆರೆಯಲ್ಲಿ ಇದು ಈಜುಗಾರನ ವಿನೋದ. ಕಡಲಿನಲ್ಲಿ ನಡೆದಾಗ ಇದೇ ಸಂಗತಿ ಒಂದು ದೇಶದ ಅನ್ನದ ಪ್ರಶ್ನೆಯಾಗುತ್ತದೆ. ಚನ್ನಗಿರಿಯ ಅಡಿಕೆ ತೋಟಕ್ಕೂ, ಹೊನ್ನಾಳಿ ನ್ಯಾಮತಿಗಳ ಮೆಕ್ಕೆಜೋಳಕ್ಕೂ, ಮಳೆಯನ್ನೇ ನಂಬಿದ ಜಗಳೂರಿನ ಒಣಹೊಲಕ್ಕೂ ಬೇಕಾದ ಮೋಡ ಹುಟ್ಟುವುದು ಎಲ್ಲೋ ದೂರದ ಸಮುದ್ರದ ಮೇಲೆ. ಆ ಸಮುದ್ರದ ಮೇಲ್ಪದರ ಎಷ್ಟು ಬೆಚ್ಚಗಿದೆ, ಕೆಳಗಿನ ತಣ್ಣೀರು ಎಷ್ಟು ಮೇಲೇರಿ ಬೆರೆಯಿತು ಎಂಬುದರ ಮೇಲೆ ಮೋಡದ ಹುಟ್ಟು ನಿಂತಿದೆ. ಕಡಲಿಗೂ ಮೋಡಕ್ಕೂ ಇರುವ ಈ ನಂಟನ್ನು ಬಿಡಿಸಲು ತಮ್ಮ ಆಯುಷ್ಯದ ಬಹುಭಾಗವನ್ನು ಕಡಲಿಲ್ಲದ ಬೆಂಗಳೂರಿನಲ್ಲಿ ಕುಳಿತು ಕಳೆದವರು ಡಾ. ಸುಲೋಚನಾ ಗಾಡ್ಗೀಳ್.

ಅವರು ಹುಟ್ಟಿದ್ದು 1944ರ ಜೂನ್ 7ರಂದು, ಪುಣೆಯಲ್ಲಿ. ಮುಂಗಾರಿನ ಆರಂಭದ ದಿನಗಳಲ್ಲಿ ಹುಟ್ಟಿದ ಮಗು ಮುಂಗಾರನ್ನೇ ಹಿಂಬಾಲಿಸಿತು ಎಂದು ಬರೆಯಲು ಲೇಖನಿ ಹಾತೊರೆಯಬಹುದು. ಆದರೆ ಅವರ ದಾರಿ ಅಷ್ಟು ನೇರವಾಗಿರಲಿಲ್ಲ. ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಜೀವವಿಜ್ಞಾನಿ ಪತಿ ಮಾಧವ ಗಾಡ್ಗೀಳರೊಡನೆ 1965ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಅವರು ಎತ್ತಿಕೊಂಡದ್ದು ಸಾಗರವಿಜ್ಞಾನವನ್ನು. ಅಟ್ಲಾಂಟಿಕ್ ಸಾಗರದಲ್ಲಿ ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಮಹಾಪ್ರವಾಹವೊಂದು ನೀರೊಳಗಿನ ನದಿಯಂತೆ ಹರಿಯುತ್ತದೆ. ನೆಲದ ನದಿ ಹೇಗೋ ಹಾಗೆ ಅದೂ ಬಳುಕುತ್ತ, ತಿರುವು ತೆಗೆದುಕೊಳ್ಳುತ್ತ ಸಾಗುತ್ತದೆ. ಆ ಬಳುಕಿಗೆ ಕಡಲತಳದ ಏರುತಗ್ಗುಗಳು ಹೇಗೆ ಕಾರಣವಾಗುತ್ತವೆ ಎಂಬುದನ್ನು ಪ್ರಾಧ್ಯಾಪಕ ಆಲನ್ ರಾಬಿನ್ಸನ್‌ರ ಬಳಿ ಲೆಕ್ಕಹಾಕಿ, 1970ರಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ಜೂಲ್ ಚಾರ್ನಿಯವರೊಡನೆ ಕೆಲಸ. ಯಂತ್ರಗಣಕದಿಂದ ಹವಾಮುನ್ಸೂಚನೆಯ ಲೆಕ್ಕವನ್ನು 1950ರಲ್ಲಿ ಮೊದಲು ಮಾಡಿ ತೋರಿಸಿದ ತಂಡದ ಮುಂದಾಳು ಈ ಚಾರ್ನಿ.

ಅಲ್ಲಿಯೇ ನೆಲೆಸಲು ಅಡ್ಡಿಯಿರಲಿಲ್ಲ. ದಂಪತಿಗಳು 1971ರಲ್ಲಿ ಸ್ವದೇಶಕ್ಕೆ ಮರಳಿದರು. ಎರಡು ವರ್ಷ ಪುಣೆಯ ಉಷ್ಣವಲಯ ಹವಾವಿಜ್ಞಾನ ಸಂಸ್ಥೆಯಲ್ಲಿ ಕಳೆದು, 1973ರಲ್ಲಿ ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. ಅಲ್ಲಿ ಹವೆಯನ್ನು ಅಭ್ಯಸಿಸುವ ಪ್ರತ್ಯೇಕ ಕೇಂದ್ರವೊಂದು ತಲೆಯೆತ್ತಿದ್ದು 1982ರಲ್ಲಿ. ಬೆಂಗಳೂರಿನವರೇ ಆದ ರೊದ್ದಂ ನರಸಿಂಹ ಅವರೊಡನೆ ಅದನ್ನು ಕಟ್ಟಿ ಬೆಳೆಸಿದವರಲ್ಲಿ ಸುಲೋಚನಾ ಪ್ರಮುಖರು.

ಆ ವೇಳೆಗೆ ಉಪಗ್ರಹಗಳು ಆಕಾಶದಿಂದ ಮೋಡಗಳ ಚಿತ್ರ ತೆಗೆಯತೊಡಗಿದ್ದವು. ದಿನಕ್ಕೊಂದರಂತೆ ಆ ಚಿತ್ರಗಳನ್ನು ಮುಂದಿಟ್ಟುಕೊಂಡು ಡಿ. ಆರ್. ಸಿಕ್ಕಾ ಮತ್ತು ಸುಲೋಚನಾ ಹಲವು ವರ್ಷಗಳ ಮಳೆಗಾಲವನ್ನು ಓದಿದರು. ಅವರು 1980ರಲ್ಲಿ ಪ್ರಕಟಿಸಿದ ಫಲಿತಾಂಶ ಹಳೆಯ ನಂಬಿಕೆಯನ್ನು ಅಲುಗಿಸಿತು. ನೆಲ ಕಾದು ಕಡಲ ಗಾಳಿಯನ್ನು ಎಳೆದುಕೊಳ್ಳುವುದೇ ಮುಂಗಾರು ಎಂದು ಶಾಲೆಯ ಪುಸ್ತಕಗಳು ಹೇಳುತ್ತಿದ್ದವು. ಚಿತ್ರಗಳು ತೋರಿದ್ದೇ ಬೇರೆ. ಭೂಮಧ್ಯರೇಖೆಯ ಬಳಿ, ಹಿಂದೂ ಮಹಾಸಾಗರದ ಮೇಲೆ, ಪೂರ್ವ ಪಶ್ಚಿಮವಾಗಿ ಚಾಚಿದ ಮೋಡದ ಪಟ್ಟಿಯೊಂದು ಹುಟ್ಟುತ್ತದೆ. ಮೆಲ್ಲಮೆಲ್ಲನೆ ಉತ್ತರಕ್ಕೆ ಸರಿದು ನೆಲವನ್ನೇರುತ್ತದೆ. ಕೆಲವು ವಾರಗಳ ಅಂತರದಲ್ಲಿ ಮತ್ತೊಂದು ಅದನ್ನು ಹಿಂಬಾಲಿಸುತ್ತದೆ. ಮಳೆ ನಾಲ್ಕು ದಿನ ಸುರಿದು ಹತ್ತು ದಿನ ಕಣ್ಮರೆಯಾಗುವುದನ್ನು ನೋಡಿ ನಿಟ್ಟುಸಿರಿಡುವ ರೈತನಿಗೆ ಗೊತ್ತಿದ್ದುದಕ್ಕೆ ಇಲ್ಲೊಂದು ನಕ್ಷೆ ದೊರೆಯಿತು.

ಮೋಡ ಕಡಲಿನ ಮೇಲೆ ಹುಟ್ಟುವುದಾದರೆ ಕಡಲು ಎಷ್ಟು ಬೆಚ್ಚಗಿರಬೇಕು? ಪಿ. ವಿ. ಜೋಸೆಫ್ ಮತ್ತು ಎನ್. ವಿ. ಜೋಶಿಯವರೊಡನೆ 1984ರಲ್ಲಿ ಅವರು ಕೊಟ್ಟ ಉತ್ತರ, ಸುಮಾರು 28 ಡಿಗ್ರಿ ಸೆಂಟಿಗ್ರೇಡ್. ಅದಕ್ಕಿಂತ ಕಡಿಮೆಯಾದರೆ ದಟ್ಟ ಮೋಡಗಳು ಏಳುವುದು ಅಪರೂಪ. ಅದನ್ನು ಮೀರಿದ ಮೇಲೆ ಏಳಬಹುದು, ಏಳದೆಯೂ ಇರಬಹುದು. ಗೃಹಿಣಿಯರಿಗೆ ಇದು ಹೊಸತಲ್ಲ: ಹಂಚು ಕಾಯದೆ ದೋಸೆ ಏಳದು, ಆದರೆ ಹಂಚು ಕಾದ ಮಾತ್ರಕ್ಕೆ ದೋಸೆಯಾಗುವುದಿಲ್ಲ.

ಇಲ್ಲಿಯೇ ಕೆರೆಯ ಈಜುಗಾರನ ಅನುಭವ ಮತ್ತೆ ನೆನಪಿಗೆ ಬರಬೇಕು. ನಮ್ಮ ಎರಡು ಕಡಲುಗಳು ಒಂದೇ ಅಕ್ಷಾಂಶದಲ್ಲಿದ್ದರೂ ಸ್ವಭಾವದಲ್ಲಿ ದಾಯಾದಿಗಳು. ಮುಂಗಾರಿನ ಬಿರುಗಾಳಿ ಅರಬ್ಬಿ ಸಮುದ್ರವನ್ನು ಆಳದವರೆಗೆ ಕಲಕಿಬಿಡುತ್ತದೆ. ಸೊಮಾಲಿ ತೀರದ ಬಳಿ ತಳದ ತಣ್ಣೀರು ಉಕ್ಕಿ ಮೇಲೆ ಬರುತ್ತದೆ. ಜೂನ್ ಕಳೆಯುವಷ್ಟರಲ್ಲಿ ಅದರ ಬಹುಭಾಗ ತಂಪಾಗುತ್ತದೆ. ಬಂಗಾಳ ಕೊಲ್ಲಿ ಹಾಗಲ್ಲ. ಗಂಗೆ, ಬ್ರಹ್ಮಪುತ್ರೆ, ಐರಾವತಿ, ಮಹಾನದಿ, ಗೋದಾವರಿ, ಕೃಷ್ಣೆಯರೆಲ್ಲ ತಂದು ಸುರಿಯುವ ಸಿಹಿನೀರೂ ಮಳೆಯ ನೀರೂ ಉಪ್ಪುನೀರಿನ ಮೇಲೆ ತೆಳುವಾದ ಹೊದಿಕೆಯಂತೆ ಹರಡುತ್ತವೆ. ಸಿಹಿನೀರು ಹಗುರವಾದ್ದರಿಂದ ಗಾಳಿ ಎಷ್ಟು ತಿವಿದರೂ ಅದು ಕೆಳಗಿನ ಭಾರವಾದ ನೀರಿನೊಡನೆ ಸುಲಭವಾಗಿ ಬೆರೆಯದು. ಸೂರ್ಯನ ಶಾಖ ಮೇಲೆಯೇ ಉಳಿಯುತ್ತದೆ. ಮಳೆಗಾಲವೆಲ್ಲ ಕೊಲ್ಲಿಯ ಬಹುಭಾಗ 28 ಡಿಗ್ರಿಗಿಂತ ಮೇಲೆಯೇ ನಿಲ್ಲುತ್ತದೆ. ಮಳೆ ತಂದ ನೀರೇ ಮುಂದಿನ ಮಳೆಗೆ ಒಲೆಯನ್ನು ಕಾಪಾಡಿಕೊಳ್ಳುತ್ತದೆ ಎಂದರೂ ಸಲ್ಲುತ್ತದೆ.

ಲೆಕ್ಕದಲ್ಲಿ ಹೇಳಬಹುದಾದ ಇಂಥ ಮಾತನ್ನು ನೀರಿನಲ್ಲಿ ಅಳೆದು ನೋಡಬೇಕಿತ್ತು. ಆದರೆ ಮುಂಗಾರಿನ ನಡುವೆ ಕೊಲ್ಲಿಯ ಉತ್ತರಭಾಗದಲ್ಲಿ ಹಡಗು ನಿಲ್ಲಿಸುವುದು ಹುಡುಗಾಟವಲ್ಲ. ಸುಲೋಚನಾ ಮತ್ತು ಜಿ. ಎಸ್. ಭಟ್ ಮೊದಲಾದವರು ಯೋಜನೆ ಹೂಡಿ, 1999ರ ಜುಲೈ ಆಗಸ್ಟ್‌ಗಳಲ್ಲಿ ‘ಸಾಗರಕನ್ಯಾ’ ಮತ್ತು ‘ಸಾಗರಧ್ವನಿ’ ಎಂಬ ಎರಡು ಹಡಗುಗಳು ಹೊರಡುವಂತೆ ಮಾಡಿದರು. ನೀರಿನ ಬಿಸಿಯನ್ನೂ ಉಪ್ಪನ್ನೂ ಆಳದಿಂದ ಆಳಕ್ಕೆ ಅಳೆಯುವ ಉಪಕರಣವನ್ನು ಹಡಗಿನಿಂದ ಮತ್ತೆ ಮತ್ತೆ ಇಳಿಸಿ ಎತ್ತಲಾಯಿತು. ಬೆಲೂನುಗಳು ಮೇಲಿನ ಹವೆಯ ಸಮಾಚಾರ ತಂದವು. ನಿಂತಿದ್ದ ‘ಸಾಗರಕನ್ಯಾ’ದ ಕೆಳಗೇ ಸಿಹಿನೀರಿನ ಹರವೊಂದು ಬಂದು ಸೇರಿ, ಕೆಲವೇ ದಿನಗಳಲ್ಲಿ ಮೇಲ್ಪದರದ ಉಪ್ಪು ಇಳಿದುಹೋಯಿತು, ಗಾಳಿ ಕಲಕಬಲ್ಲ ಪದರ ತೆಳುವಾಯಿತು. ಮೋಡ ಕವಿದು ಮಳೆ ಸುರಿದಾಗ ತಣಿದ ನೀರು, ಬಿಸಿಲು ಬಿದ್ದೊಡನೆ ಬೇಗನೆ ಮತ್ತೆ ಕಾಯುತ್ತಿತ್ತು.

ಇಷ್ಟು ತಿಳಿದ ಮೇಲೂ ಮಳೆ ತನ್ನ ಹಟ ಬಿಡಲಿಲ್ಲ. ಶಾಂತಸಾಗರದ ನೀರು ಅತಿಯಾಗಿ ಕಾಯುವ ಎಲ್ ನಿನೋ ವರ್ಷಗಳಲ್ಲಿ ಭಾರತಕ್ಕೆ ಬರವೆಂಬುದು ರೂಢಿಯ ಮಾತು. ಆದರೆ 1997ರ ಎಲ್ ನಿನೋ ಅತಿ ಪ್ರಬಲವಾಗಿದ್ದರೂ ಮಳೆ ಸರಿಯಾಗಿಯೇ ಆಯಿತು. 2002ರಲ್ಲಿ ಸಾಧಾರಣ ಮಳೆಯ ಮುನ್ಸೂಚನೆಯಿತ್ತು. ಜುಲೈ ತಿಂಗಳ ಮಳೆ ಅರ್ಧದಷ್ಟು ಕೈಕೊಟ್ಟಿತು. ಬಿತ್ತಿದ ಪೈರು ಕಣ್ಣೆದುರೇ ಒಣಗಿತು. ಸುಲೋಚನಾ ತಮ್ಮ ಸಹೋದ್ಯೋಗಿಗಳಾದ ಪಿ. ಎನ್. ವಿನಯಚಂದ್ರನ್ ಮತ್ತು ಪಿ. ಎ. ಫ್ರಾನ್ಸಿಸ್‌ರೊಡನೆ ಇದರ ಬೆನ್ನುಹತ್ತಿ, ನಮ್ಮ ಸಾಗರದಲ್ಲಿಯೇ ಇನ್ನೊಬ್ಬ ಪಾತ್ರಧಾರಿಯಿರುವುದನ್ನು ತೋರಿಸಿದರು. ಭೂಮಧ್ಯರೇಖೆಯ ಗುಂಟ ಮೋಡಗಳು ಆಫ್ರಿಕದ ಕಡೆ ಕೂಡಿದರೆ ಮುಂಗಾರಿಗೆ ಒಳಿತು. ಸುಮಾತ್ರದ ಕಡೆ ಕೂಡಿದರೆ ಕೆಡುಕು. 1997ರಲ್ಲಿ ತಕ್ಕಡಿ ಒಳಿತಿನ ಕಡೆ ವಾಲಿತ್ತು. 2002ರಲ್ಲಿ ಎರಡು ಕೆಡುಕುಗಳೂ ಒಟ್ಟಿಗೆ ಬಂದಿದ್ದವು.

ಅವರ ಕೆಲಸದಲ್ಲಿ ಹೆಚ್ಚು ಮೆಚ್ಚಬೇಕಾದುದು ಬಹುಶಃ ಪಾವಗಡದ ಅಧ್ಯಾಯ. ಅಲ್ಲಿನ ಒಣಭೂಮಿಯಲ್ಲಿ ಹಿಂದೆ ಸಿರಿಧಾನ್ಯ, ಕಾಳುಗಳ ಅಕ್ಕಡಿ ಬೆಳೆಯಿತ್ತು. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತಿತ್ತು. ಕಡಲೆಕಾಯಿ ಬಂದು ಹೊಲವನ್ನೆಲ್ಲ ಆಕ್ರಮಿಸಿತು. ಆರಿದ್ರೆಗೆ ಬಿತ್ತಬೇಕೆ, ಪುಷ್ಯದ ಮಳೆಯವರೆಗೆ ಕಾಯಬೇಕೆ? ಹೊಸ ಬೆಳೆಯ ವಿಷಯದಲ್ಲಿ ಅಜ್ಜನ ಕಾಲದ ಅನುಭವ ನೆರವಿಗೆ ಬರುತ್ತಿರಲಿಲ್ಲ. ಸ್ವತಃ ಬೇಸಾಯಗಾರರಾದ ಪಿ. ಆರ್. ಶೇಷಗಿರಿ ರಾವ್ ಮೊದಲಾದವರೊಡನೆ ಕೂಡಿ ಸುಲೋಚನಾ ಹಳೆಯ ಮಳೆಯ ದಾಖಲೆಗಳನ್ನು ಹರಡಿ, ಯಾವ ದಿನ ಬಿತ್ತಿದ್ದರೆ ಯಾವ ವರ್ಷ ಎಷ್ಟು ಇಳುವರಿ ಬರುತ್ತಿತ್ತೆಂದು ಲೆಕ್ಕಹಾಕಿದರು. ಪ್ರಶ್ನೆಯನ್ನು ರೈತನಿಂದ ಕೇಳಿ ತಿಳಿದು ನಂತರ ಲೆಕ್ಕಕ್ಕೆ ಕೂರುವ ವಿಜ್ಞಾನಿಗಳು ಎಲ್ಲ ಕಾಲದಲ್ಲೂ ಕಡಿಮೆ.

ಮಗ ಸಿದ್ಧಾರ್ಥರೂ ಗಣಿತಜ್ಞರು. ತಾಯಿ ಮಗ ಕೂಡಿ 2006ರಲ್ಲಿ ಪ್ರಕಟಿಸಿದ ಲೇಖನವೊಂದು, ವ್ಯವಸಾಯದ ಪಾಲು ಕುಗ್ಗಿದ್ದರೂ ತೀವ್ರ ಬರವೊಂದು ರಾಷ್ಟ್ರದ ಉತ್ಪನ್ನದಲ್ಲಿ ಶೇಕಡ 2ರಿಂದ 5ರಷ್ಟನ್ನು ಕಸಿಯುತ್ತಲೇ ಇದೆಯೆಂದು ತೋರಿಸಿತು. ಒಳ್ಳೆಯ ಮಳೆಯ ಲಾಭ ಅದಕ್ಕೆ ಸರಿದೂಗುವುದಿಲ್ಲ. ಮಳೆಯ ಭರವಸೆಯಿಲ್ಲದ ರೈತ ಗೊಬ್ಬರಕ್ಕೆ ಹಣ ಹಾಕಲು ಹಿಂಜರಿಯುತ್ತಾನೆ. ಸುಗ್ಗಿಯ ವರ್ಷವೂ ಪೂರ್ತಿ ಕೈಗೆ ಬರುವುದಿಲ್ಲ.

ಕೊಲ್ಲಿಯ ಅಳತೆ ಅಲ್ಲಿಗೇ ನಿಲ್ಲಲಿಲ್ಲ. ವಿನಯಚಂದ್ರನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು 2016ರ ಮುಂಗಾರಿನಲ್ಲಿ ‘ಸಿಂಧು ಸಾಧನಾ’ ಹಡಗಿನಲ್ಲಿ ಹೊರಟು, ತಾವಾಗಿಯೇ ಮುಳುಗಿ ಏಳುವ ಗ್ಲೈಡರುಗಳನ್ನು ನೀರಿಗೆ ಬಿಟ್ಟರು. ಪದರ ಪದರಗಳ ನಡುವಿನ ಸಣ್ಣ ಸುಳಿಗಳು ಎಷ್ಟು ನೀರನ್ನು ಬೆರೆಸುತ್ತವೆಂಬುದನ್ನೂ ಅಳೆದರು. ಸುಲೋಚನಾ ಗಾಡ್ಗೀಳ್ ತೀರಿಕೊಂಡದ್ದು 2025ರ ಜುಲೈ 24ರಂದು, ತಮ್ಮ 81ನೆಯ ವಯಸ್ಸಿನಲ್ಲಿ. ಪುಷ್ಯದ ಮಳೆ ನಡೆಯುತ್ತಿದ್ದ ದಿನಗಳವು. ಕಡಲೆಕಾಯಿ ಸೀಮೆಯಲ್ಲಿ ಬಿತ್ತನೆಯ ಕಾಲ.