ಕೈಮರದ ಲೆಕ್ಕಾಚಾರ

ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರದ ಹಿಡಿತವು ಅಲ್ಪವಾದುದರಿಂದ, ವೇಗದ ರೈಲುಗಾಡಿ ನಿಲ್ಲಲು ಬಹುದೂರ ಬೇಕು. ಅಪಾಯವನ್ನು ಕಂಡ ಮೇಲೆ ಬ್ರೇಕು ಹಾಕಿದರೆ ಸಾಲದು.

ಹಿಂದೆ ಗಾಡಿಗಳ ನಡುವೆ ಇಂತಿಷ್ಟು ನಿಮಿಷಗಳ ಅಂತರವಿಡುತ್ತಿದ್ದರು. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಬಳಿ, ಏರಿನಲ್ಲಿ ನಿಂತ ಗಾಡಿಯಿಂದ ಬೇರ್ಪಡಿಸಿದ ಡಬ್ಬಿಗಳು ಹಿಂದಕ್ಕುರುಳಿ, ಹಿಂದೆ ಬರುತ್ತಿದ್ದ ಗಾಡಿಗೆ ಬಡಿದವು. ಸುಮಾರು 80 ಮಂದಿ ಮಡಿದರು. ಗಡಿಯಾರವು ಗಾಡಿ ಹೊರಟುದನ್ನು ತಿಳಿಸೀತೇ ಹೊರತು, ದಾಟಿದುದನ್ನು ತಿಳಿಸದು.

ಅದೇ ವರ್ಷ ಬ್ರಿಟನ್ನಿನ ಕಾಯಿದೆಯು ಬ್ಲಾಕ್ ಪದ್ಧತಿಯನ್ನು ಕಡ್ಡಾಯಗೊಳಿಸಿತು: ಒಂದು ಖಂಡದಲ್ಲಿ ಒಂದೇ ಗಾಡಿ, ಅದು ದಾಟಿತೆಂದು ಮುಂದಿನ ಠಾಣೆಯಿಂದ ತಂತಿಸಂಕೇತ ಬಂದಮೇಲೆಯೇ ಕೈಮರವು ದಾರಿಬಿಡುವುದು.

ನಾವೇ ಲೆಕ್ಕ ಮಾಡೋಣ. 10 ಕಿಲೋಮೀಟರಿನ ಖಂಡವನ್ನು ಗಂಟೆಗೆ 60 ಕಿಲೋಮೀಟರು ವೇಗದ ಗಾಡಿಯು 10 ನಿಮಿಷದಲ್ಲಿ ದಾಟುತ್ತದೆ. ಆದ್ದರಿಂದ ಗಂಟೆಗೆ ಹೆಚ್ಚೆಂದರೆ 6 ಗಾಡಿಗಳು. ಖಂಡವನ್ನು ಎರಡಾಗಿಸಿದರೆ 12! ಹೊಸ ಹಳಿ ಹಾಸದೆ, ಕೈಮರವೊಂದನ್ನು ನೆಟ್ಟು ಮಾರ್ಗದ ಸಾಮರ್ಥ್ಯವನ್ನು ನಾವು ಇಮ್ಮಡಿಗೊಳಿಸಿದಂತಾಯಿತು.